ಡಾಕ್ಟರು ಬ್ಯಾಡ ಅಂದ ಲಿವರ್

ನಮ್ಮ ಕಡೆ ಈ ಕತೆಯನ್ನು ಎಲ್ಲರೂ ಒಂದೇ ಬಗೆಯಲ್ಲಿ ಹೇಳುತ್ತಾರೆ. ಅಪ್ಪನಿಗೆ ಲಿವರ್ ಕ್ಯಾನ್ಸರ್ ಆಯಿತು, ಮಗ ತನ್ನ ಲಿವರಿನಲ್ಲಿ ಅರ್ಧ ಕೊಯ್ದು ಕೊಡಲು ತಯಾರಾಗಿ ನಿಂತ, ಡಾಕ್ಟರೇ ಬ್ಯಾಡ ಅಂದರು. ಕೊಟ್ಟೂರಿನ ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ಹೀಗೇ ಹೇಳುತ್ತಾರೆ, ಕೂಡ್ಲಿಗಿಯ ಬೀಗರ ಮನೆಯಲ್ಲೂ ಹೀಗೇ ಹೇಳುತ್ತಾರೆ. ಹರಪನಹಳ್ಳಿಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು ನಾನು ಯಾರೆಂದು ತಿಳಿಯದೆ ನನಗೇ ಈ ಕತೆ ಹೇಳಿ ಕಣ್ಣೊರೆಸಿಕೊಂಡದ್ದೂ ಉಂಟು. "ಇಂಥಾ ಮಕ್ಕಳು ಈಗಿನ ಕಾಲದಾಗ ಎಲ್ಲಿ ಅದಾರ್ರೀ?" ಎಂದು ಕೇಳಿದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ನನಗೆ ಈ ಕತೆಯ ಮೇಲೆ ತಕರಾರಿದೆ. "ತಯಾರಾಗಿ ನಿಂತ" ಎನ್ನುವುದಕ್ಕೆ ಸಾಕ್ಷಿ ಎಲ್ಲಿದೆ? "ಡಾಕ್ಟರೇ ಬ್ಯಾಡ ಅಂದರು" ಎನ್ನುವುದನ್ನು ಕಿವಿಯಾರೆ ಕೇಳಿದವರು ಯಾರು? ಬೇರೆ ಯಾರದೋ ಕತೆಯಾಗಿದ್ದರೆ ಮೊದಲ ದಿನವೇ ಈ ಎರಡು ಪ್ರಶ್ನೆ ಎತ್ತಿ ಹೇಳಿದವರ ಬಾಯಿ ಮುಚ್ಚಿಸುತ್ತಿದ್ದೆ. ಅದೇ ನನ್ನ ಕಸುಬು. ಹಾಸ್ಟೆಲಿನಲ್ಲಿದ್ದಾಗಿನಿಂದ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು ನಾನು. ಬೆಳಿಗ್ಗೆ ವಿಷಯದ ಪರ ಮಾತಾಡಿ ಗೆದ್ದು, ಮಧ್ಯಾಹ್ನ ಅದೇ ವಿಷಯದ ವಿರೋಧ ಮಾತಾಡಿ ಗೆದ್ದಿದ್ದೇನೆ. ಈಗ ಹಡಗಲಿಯ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ, ಮಕ್ಕಳಿಗೂ ಅದೇ ಹೇಳಿಕೊಡುತ್ತೇನೆ: ಯಾರೇ ಏನೇ ಹೇಳಲಿ, ನಿನಗೆ ಹೇಗೆ ಗೊತ್ತು ಎಂದು ಕೇಳು. ಅಷ್ಟು ಹೇಳಿಕೊಡುವವನು ಈ ಒಂದು ಕತೆಯನ್ನು ಹೆಚ್ಚುಕಡಿಮೆ ಒಂದು ವರ್ಷ ಪ್ರಶ್ನಿಸದೆ ಬಿಟ್ಟೆ. ಯಾಕೆಂದರೆ ಕತೆಯಲ್ಲಿರುವ ಮಗ ನಾನು.

ಅಪ್ಪ ಬಸ್ ಕಂಡಕ್ಟರ್. ಮನೆ ಹಗರಿಬೊಮ್ಮನಹಳ್ಳಿಯಲ್ಲಿ. ಈ ಐದು ತಾಲ್ಲೂಕುಗಳಲ್ಲಿ ಅವನು ಟಿಕೆಟ್ ಹರಿಯದ ರಸ್ತೆ ಇಲ್ಲ. ಇಟ್ಟಿಗಿ ಸಂತೆಗೆ ಹೋಗುವ ಅಜ್ಜಿಯರು ಅವನಿಗಾಗಿ ಒಂದು ಬಸ್ಸು ಬಿಟ್ಟು ಇನ್ನೊಂದಕ್ಕೆ ಕಾಯುತ್ತಿದ್ದರು, ಬುಟ್ಟಿ ಎತ್ತಿ ಮೇಲಿಡುತ್ತಾನೆ ಎಂದು. ನಮ್ಮದು ಬುದ್ಧನನ್ನು ಒಪ್ಪಿಕೊಂಡ ಮನೆ. ಪಂಚಶೀಲ ತೆಗೆದುಕೊಂಡ ದಿನದಿಂದ ಅಪ್ಪ ಹೆಂಡ ಮುಟ್ಟಿದವನಲ್ಲ, ಅದಕ್ಕೂ ಮೊದಲು ಮುಟ್ಟಿದ್ದು ಹೆಸರಿಗಷ್ಟೇ. ಆದರೆ ಲಿವರ್ ಎಂದ ಕೂಡಲೇ ಊರು ಕುಡಿತ ಎಂದುಕೊಳ್ಳುತ್ತದೆ. "ಕದ್ದು ಕುಡೀತಿದ್ದನೇನೋ" ಎಂದವರ ಮನೆಗಳಿಗೇ ಹೋಗಿ ವಾದ ಮಾಡಿ ಬಂದೆ. ಅಪ್ಪನಿಗೆ ಇದ್ದದ್ದು ಹೆಪಟೈಟಿಸ್ ಬಿ ಎಂಬ ವೈರಸ್. ಎಷ್ಟೋ ವರ್ಷ ಸದ್ದಿಲ್ಲದೆ ಕೂತು ಲಿವರನ್ನು ಕಲ್ಲಾಗಿಸಿ, ಆಮೇಲೆ ಅದರಲ್ಲಿ ಗಡ್ಡೆ ಎಬ್ಬಿಸಿತ್ತು.

ಗಡ್ಡೆ ಮೂರು. ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಡಾಕ್ಟರು ಪರದೆಯ ಮೇಲೆ ಒಂದೊಂದನ್ನೇ ತೋರಿಸಿದರು. ಕಲ್ಲಾದ ಲಿವರನ್ನೇ ತೆಗೆದು ಬೇರೆ ಲಿವರ್ ಕಸಿ ಮಾಡಿದರೆ ಗಡ್ಡೆಯೂ ಹೋಗುತ್ತದೆ, ಗಡ್ಡೆ ಹುಟ್ಟಿದ ನೆಲವೂ ಹೋಗುತ್ತದೆ ಎಂದರು. ಆದರೆ ಎಲ್ಲರಿಗೂ ಮಾಡುವುದಿಲ್ಲ, ಆರಿಸುತ್ತೇವೆ ಎಂದರು.

"ಆರಿಸೋದು ಅಂದ್ರೆ?" ಎಂದೆ.

"ಗಡ್ಡೆ ಒಂದೇ ಇದ್ದರೆ ಐದು ಸೆಂಟಿಮೀಟರ್ ಒಳಗಿರಬೇಕು. ಎರಡೋ ಮೂರೋ ಇದ್ದರೆ ಪ್ರತಿಯೊಂದೂ ಮೂರರ ಒಳಗಿರಬೇಕು. ದೊಡ್ಡ ರಕ್ತನಾಳಕ್ಕೆ ನುಗ್ಗಿರಬಾರದು, ಲಿವರ್ ಬಿಟ್ಟು ಹೊರಗೆ ಹೋಗಿರಬಾರದು. ನಿಮ್ಮ ತಂದೆಯವರ ಒಂದು ಗಡ್ಡೆ ಗೆರೆ ದಾಟಿದೆ, ತುಸುವೇ. ಮೊದಲು ಅದಕ್ಕೆ ರಕ್ತ ಹೋಗೋ ನಾಳದಲ್ಲಿ ಔಷಧಿ ಬಿಟ್ಟು ಕಟ್ಟುತ್ತೇವೆ. ಕುಗ್ಗುತ್ತಾ ನೋಡ್ತೀವಿ. ಕುಗ್ಗಿದರೂ ಕೆಲವು ತಿಂಗಳು ಕಾಯ್ತೀವಿ."

"ಕ್ಯಾನ್ಸರ್ ಇರೋರನ್ನ ಕಾಯಿಸ್ತೀರಾ?"

"ಕಾಯೋದೂ ಒಂದು ಪರೀಕ್ಷೆ. ಆ ತಿಂಗಳುಗಳಲ್ಲಿ ಓಟ ಕಿತ್ತ ಕ್ಯಾನ್ಸರ್, ಹೊಸ ಲಿವರಿನಲ್ಲೂ ಓಡುತ್ತೆ."

ನನಗೆ ಸಿಟ್ಟು ಏರಿತು. ಅಂದರೆ ನೀವು ಆರಿಸುವುದು ಹೆಚ್ಚು ಕಾಯಿಲೆ ಇರುವವರನ್ನಲ್ಲ, ಚೆನ್ನಾಗಿ ಬದುಕುವವರನ್ನು. ಇದು ಚಿಕಿತ್ಸೆಯೋ, ಪಾಸಾದವರ ಪಟ್ಟಿ ಚೆಂದ ಕಾಣಲೆಂದು ದಡ್ಡರನ್ನು ಪರೀಕ್ಷೆಗೇ ಕೂರಿಸದ ಶಾಲೆಯ ಉಪಾಯವೋ ಎಂದು ಕೇಳಿದೆ. ಹೋಲಿಕೆ ನನಗೇ ಹಿಡಿಸಿತು. ಡಾಕ್ಟರು ಸಿಟ್ಟಾಗಲಿಲ್ಲ. "ಲಿವರ್ ಎಲ್ಲಿಂದ ಬರುತ್ತೆ ಹೇಳಿ?" ಎಂದರು. "ಸತ್ತವರದ್ದು ಬಂದರೆ ಅದಕ್ಕೆ ದೊಡ್ಡ ಸರದಿ ಇದೆ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲ. ಬದುಕಿರೋ ನಿಮ್ಮಂಥವರು ಕೊಟ್ಟರೆ, ನನಗೆ ಇಬ್ಬರು ರೋಗಿಗಳಾಗ್ತಾರೆ. ಗಟ್ಟಿಮುಟ್ಟಾಗಿರೋ ಹೊಟ್ಟೆಗೆ ಕತ್ತಿ ಹಾಕಬೇಕಾದರೆ ನನಗೆ ಬಲವಾದ ಕಾರಣ ಬೇಕು."

ಅಲ್ಲಿಗೆ ನಾನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ, ವಿಷಯ ಬದಲಿಸಿದೆ. ಕೊಡುವವನಿಗೆ ಏನಾಗುತ್ತದೆ? ಎಷ್ಟು ಕೊಯ್ಯುತ್ತೀರಿ? ಅದು ಬೆಳೆಯದಿದ್ದರೆ? ಕೊಟ್ಟವರು ಯಾರಾದರೂ ಸತ್ತದ್ದುಂಟೇ? ಉಂಟು, ಅಪರೂಪ, ಆದರೆ ಉಂಟು ಎಂದರು ಡಾಕ್ಟರು. ಅಪರೂಪ ಎಂದರೆ ಎಷ್ಟು ಅಪರೂಪ? ನಾನು ತರ್ಕಕ್ಕಾಗಿ ಕೇಳುತ್ತಿದ್ದೇನೆ ಎಂದುಕೊಂಡಿದ್ದೆ. ಅಪ್ಪ ಪಕ್ಕದ ಕುರ್ಚಿಯಲ್ಲಿ ಕೈ ಕಟ್ಟಿ ಕೂತು, ಒಮ್ಮೆ ಡಾಕ್ಟರ ಕಡೆ, ಒಮ್ಮೆ ನನ್ನ ಕಡೆ ನೋಡುತ್ತಿದ್ದ. ಹೊರಗೆ ಬಂದ ಮೇಲೆ, "ಏನಲೇ, ಡಾಕ್ಟರನ್ನ ಕಟಕಟಿಗೆ ನಿಲ್ಲಿಸಿಬಿಟ್ಟಿ" ಎಂದು ನಕ್ಕ.

ಕೊಡುವವರು ಯಾರು ಎಂಬುದು ಬೇಗ ತೀರ್ಮಾನವಾಯಿತು. ಅವ್ವನಿಗೆ ಸಕ್ಕರೆ ಕಾಯಿಲೆ. ತಂಗಿಯ ರಕ್ತದ ಗುಂಪು ಹೊಂದಲಿಲ್ಲ. ಚಿಕ್ಕಪ್ಪನನ್ನು ಪರೀಕ್ಷೆ ಮಾಡಿಸಿದರೆ ಅವನಲ್ಲೂ ಅದೇ ವೈರಸ್ ಕೂತಿತ್ತು. ಉಳಿದವನು ನಾನು. "ನಾನು ಕೊಡತೀನಿ" ಎಂದು ಊಟಕ್ಕೆ ಕೂತಾಗ ಹೇಳಿದೆ. ನಿಜವಾಗಿ ಹೇಳಿದೆ, ಯಾರೂ ಹೇಳಿಸಲಿಲ್ಲ. ಅವ್ವ ರೊಟ್ಟಿ ಹಾಕುತ್ತಿದ್ದವಳು ಕೈ ತಡೆದು, "ಗಂಡನ್ನ ಉಳಸೋದು, ಮಗನ್ನ ಕೊಯ್ಯೋದು, ಎರಡೂ ಒಂದ ಕತ್ರೀಲೆ ಅಂದ್ರ ನಾ ಯಾರ ಕಡಿ ಕುಂತು ಅಳ್ಲೆಪ್ಪಾ?" ಎಂದಳು. ಉಚ್ಚಂಗಿದುರ್ಗದ ಅಜ್ಜಿಗೆ ಸುದ್ದಿ ಮುಟ್ಟಿ, ಬುದ್ಧನಿಗೂ ಕೈ ಮುಗಿದು ಉಚ್ಚಂಗೆಮ್ಮನಿಗೂ ಹರಕೆ ಹೊತ್ತಳಂತೆ. ನಾನು ಅವಳನ್ನೂ ಬಿಡಲಿಲ್ಲ, ಫೋನಿನಲ್ಲೇ ಛೇಡಿಸಿದೆ. "ಎರಡೂ ಕಡಿ ಸೀಟ್ ಹಿಡಿದೀಯೇನಬೇ?" "ಹೂಂ ಮತ್ತ," ಎಂದಳು ಅಜ್ಜಿ, "ಯಾವ ಬಸ್ಸು ಮೊದಲು ಬಿಡತೈತೋ ಯಾರಿಗ್ಗೊತ್ತು?"

ಆಮೇಲೆ ನಡೆದದ್ದು ನಮ್ಮ ಕಡೆಯವರು ಮಾತ್ರ ಮಾಡಬಹುದಾದ ಕೆಲಸ. ನನ್ನ ಲಿವರಿನ ಒಂದು ಪರೀಕ್ಷೆಯೂ ಆಗಿರಲಿಲ್ಲ. ಅಪ್ಪನ ಗಡ್ಡೆಗಳು ಕುಗ್ಗುತ್ತವೋ ಇಲ್ಲವೋ ಎಂದು ಇನ್ನೂ ಕಾಯುತ್ತಿದ್ದೆವು. ಅಷ್ಟರಲ್ಲಿ ನನಗೆ ಸನ್ಮಾನ ಇಟ್ಟುಕೊಂಡರು. ಅಪ್ಪನ ಜೊತೆ ವರ್ಷಗಟ್ಟಲೆ ಒಂದೇ ಬಸ್ಸಿನಲ್ಲಿ ದುಡಿದ ಡ್ರೈವರ್ ಕಾಕಾ ಇದರ ಮುಂದಾಳು. ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿಸಿದ. ನನ್ನ ಆಳೆತ್ತರದ ಫೋಟೊ, ಯಾವುದೋ ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯ ಕಡೆ ಬೆರಳು ಮಾಡಿ ನಿಂತದ್ದು. ಕೆಳಗೆ, ಹೆತ್ತ ತಂದೆಗೆ ಲಿವರ್ ದಾನ ಮಾಡುತ್ತಿರುವ ಹೆಮ್ಮೆಯ ಪುತ್ರನಿಗೆ ಹಾರ್ದಿಕ ಅಭಿನಂದನೆಗಳು. ಅದರ ಕೆಳಗೆ ಸಾಲು ಸಾಲಾಗಿ ಅಭಿನಂದಿಸುವವರ ಪಾಸ್‌ಪೋರ್ಟ್ ಅಳತೆಯ ಮುಖಗಳು.

"ಕಾಕಾ, ಇನ್ನೂ ಟೆಸ್ಟೇ ಆಗಿಲ್ಲ" ಎಂದೆ.

"ಆಕ್ಕಾವು ಬಿಡಲೇ. ಮದಿವಿ ಆದಮ್ಯಾಲ ಲಗ್ನಪತ್ರಿಕಿ ಹೊಡಸ್ತಾರೇನು ಯಾರರ?"

"ನಾ ಹೊಂದಲಿಲ್ಲ ಅಂದ್ರ?"

"ಹೊಂದಲಾರದ ಏನು? ಅವನ ಮಗ ನೀ. ಆ ಮೊಂಡುತನ ಹೊಂದೈತಿ, ಲಿವರ್ ಹೊಂದಂಗಿಲ್ಲೇನು?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಶಾಲು ಹೊದಿಸಿದರು, ಪೇಟ ತೊಡಿಸಿದರು, ಹಣ್ಣಿನ ತಟ್ಟೆ ಕೊಟ್ಟರು. ಮಾತಾಡು ಎಂದರು. ನಾನು ಮಾತಾಡಿದೆ. ದಾನ ಎಂದರೆ ಮಿಕ್ಕದ್ದನ್ನು ಕೊಡುವುದಲ್ಲ, ಬೇಕಾದದ್ದನ್ನು ಕೊಡುವುದು ಎಂದೆ. ದೇವರ ಮುಂದೆ ತಲೆ ಕೂದಲು ಕೊಡುವ ಜನ ಮನುಷ್ಯನಿಗೆ ಅಂಗ ಕೊಡುವುದನ್ನು ಕಲಿಯಬೇಕು ಎಂದೆ. ಚಪ್ಪಾಳೆ ಬಿತ್ತು. ಅಪ್ಪ ಮೊದಲ ಸಾಲಿನಲ್ಲಿ ಕೂತಿದ್ದ. ಅವನೊಬ್ಬ ಚಪ್ಪಾಳೆ ತಟ್ಟಿದ ನೆನಪು ನನಗಿಲ್ಲ. ಆ ಚಪ್ಪಾಳೆಯ ನಡುವೆ ನನ್ನ ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬಿನ ಕೆಳಗೆ, ಏನೋ ತಣ್ಣಗೆ ಸರಿದಂತಾಯಿತು. ಇನ್ನು ಬೇಡ ಎನ್ನುವ ದಾರಿ ಮುಚ್ಚಿತು ಎಂಬುದು ಆ ಗಳಿಗೆಯಲ್ಲಿ ಹೊಳೆಯಿತು. ಬೇಡ ಎನ್ನಬೇಕು ಎಂದು ಅಲ್ಲಿಯವರೆಗೆ ನನಗೆ ಅನಿಸಿರಲಿಲ್ಲ. ದಾರಿ ಮುಚ್ಚಿದ ಮೇಲೆ ಅನಿಸತೊಡಗಿತು.

ಅಪ್ಪನ ಗಡ್ಡೆಗಳು ಕುಗ್ಗಿದವು. ಕಾಯುವ ತಿಂಗಳುಗಳಲ್ಲಿ ಹೊಸದು ಏಳಲಿಲ್ಲ. ಗೆರೆಯೊಳಗೆ ಬಂದಿದ್ದಾರೆ, ಆದರೆ ರಕ್ತದಲ್ಲಿ ಕ್ಯಾನ್ಸರ್ ತೋರಿಸುವ ಒಂದು ಅಂಶ ಇನ್ನೂ ಸ್ವಲ್ಪ ಹೆಚ್ಚಿದೆ, ಕಸಿಗೆ ಒಪ್ಪಿಗೆ ಕೊಡುವ ಕಮಿಟಿ ಕೂತು ನೋಡಬೇಕು ಎಂದರು. ಹಣದ ತೊಡಕು ಇರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬಡವರೆಂದು ಬಿಟ್ಟರು ಎನ್ನುವ ಇನ್ನೊಂದು ಕತೆಯೂ ಓಡಾಡುತ್ತಿದೆ. ಅದು ಸುಳ್ಳು. ಅದಕ್ಕೆ ವ್ಯವಸ್ಥೆ ಆಗಿತ್ತು. ಬಡತನದ ಹಿಂದೆ ಅಡಗಿಕೊಳ್ಳುವ ಅವಕಾಶವೂ ನನಗಿಲ್ಲ.

ನನ್ನ ಪರೀಕ್ಷೆಗಳು ನಡೆದವು. ಸೂಜಿ, ಸ್ಕ್ಯಾನು, ಎದೆಬಡಿತದ ಇ.ಸಿ.ಜಿ., ಎಲ್ಲ. ಕೊನೆಗೆ ಒಂದು ಸಣ್ಣ ಕೋಣೆಯಲ್ಲಿ ನನ್ನೊಬ್ಬನನ್ನೇ ಕೂರಿಸಿ ಒಬ್ಬ ಮೇಡಂ ಮಾತಾಡಿಸಿದರು. ಕೊಡುವವರ ಮನಸ್ಸು ತಿಳಿಯುವುದು ಅವರ ಕೆಲಸ. ಬಾಗಿಲು ಹಾಕಿ ಬಂದು ಕೂತರು.

"ಇಲ್ಲಿ ಆಡಿದ ಮಾತು ಹೊರಗೆ ಹೋಗಲ್ಲ. ನಿಮಗೆ ಬೇಡ ಅನಿಸಿದರೆ ನನಗೆ ಹೇಳಿ. 'ದಾನಿಯಾಗಿ ಹೊಂದೋದಿಲ್ಲ' ಅಂತ ಅಷ್ಟೇ ನಿಮ್ಮ ಮನೆಯವರಿಗೆ ತಿಳಿಸ್ತೀವಿ. ಯಾಕೆ ಅನ್ನೋದನ್ನ ಯಾರಿಗೂ ಹೇಳಲ್ಲ. ನಿಮ್ಮ ತಂದೆಗೂ."

ಮುಚ್ಚಿದೆ ಎಂದುಕೊಂಡಿದ್ದ ದಾರಿ ಇಲ್ಲಿ ಇಷ್ಟು ಮರ್ಯಾದೆಯಿಂದ ತೆರೆದುಕೊಂಡಿತ್ತು. ನಾನೇನು ಮಾಡಿದೆ? ಭಾಷಣ ಮಾಡಿದೆ. ಸನ್ಮಾನದ ದಿನ ಆಡಿದ್ದನ್ನೇ ತುಸು ತಿದ್ದಿ ಆಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಚೆನ್ನಾಗಿ ಮಾತಾಡ್ತೀರಿ," ಎಂದರು. "ನಾನು ಕೇಳಿದ್ದು ಅದಲ್ಲ. ಹೆದರಿಕೆ ಇದೆಯಾ?"

"ಇಲ್ಲ ಮೇಡಂ."

"ಇದ್ದರೆ ತಪ್ಪಲ್ಲ."

"ಇಲ್ಲ." ಎಂದು ಹೇಳಿ, ಎದ್ದು, ಬಾಗಿಲ ಹತ್ತಿರ ಹೋಗಿ, ತಿರುಗಿ ಕೇಳಿದೆ: "ಸುಮ್ಮನೆ ಕೇಳ್ತೀನಿ. ಬೇಡ ಅಂತ ಹೇಳೋದಕ್ಕೆ ಕೊನೆ ಅವಕಾಶ ಯಾವಾಗಿನವರೆಗೆ?"

"ಮಂಪರು ಹತ್ತೋವರೆಗೆ," ಎಂದರು.

ಹೊರಗೆ ಬೆಂಚಿನ ಮೇಲೆ ಅಪ್ಪ, ಮನೆಯಿಂದ ತಂದ ಮಂಡಕ್ಕಿ ಚೀಲ ಬಿಚ್ಚಿಕೊಂಡು ಕೂತಿದ್ದ. ಅಕ್ಕಪಕ್ಕದ ರೋಗಿಗಳ ಕಡೆಯವರಿಗೂ ಹಂಚುತ್ತಿದ್ದ.

"ಏನ್ ಕೇಳಿದ್ರೋ?"

"ಏನಿಲ್ಲ. ನಿಮ್ಮಪ್ಪನ ಮ್ಯಾಲ ಪ್ರೀತಿ ಐತೇನು ಅಂತ ಕೇಳಿದ್ರು."

"ಏನಂದಿ?"

"ಸಾಕ್ಷಿ ಇಲ್ಲ ಅಂದೆ."

ಅಪ್ಪ ಮಂಡಕ್ಕಿ ಉಗುಳುವಂತೆ ನಕ್ಕ. ನಕ್ಕು ಮುಗಿದ ಮೇಲೂ ನನ್ನನ್ನೇ ನೋಡುತ್ತಿದ್ದ. ತುಂಬಿದ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳದೆ ನಿಂತವನನ್ನು ಅವನು ಹಾಗೆ ನೋಡುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಸಿಟ್ಟಿರುವುದಿಲ್ಲ ಆ ನೋಟದಲ್ಲಿ. "ಅಂಗೈ ಯಾಕ ಒರಸ್ಕೊಂತಿ?" ಎಂದ. ನಾನು ಅಂಗೈಯನ್ನು ಪ್ಯಾಂಟಿಗೆ ಉಜ್ಜುತ್ತಿದ್ದೆ. ಸೆಕೆ ಎಂದೆ. ಆ ಕಟ್ಟಡದ ಒಳಗೆ ಎ.ಸಿ. ಕೊರೆಯುತ್ತಿತ್ತು.

ಮರುದಿನ ಕಮಿಟಿಯವರು ಅಪ್ಪನನ್ನು ಒಬ್ಬನನ್ನೇ ಒಳಗೆ ಕರೆದರು. ಅವ್ವ ಬುದ್ಧ ವಂದನೆ ಶುರುಮಾಡಿ ನಡುವೆ ಮರೆತು, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು. ಅಪ್ಪ ಹೋದವನು ಬೇಗ ಬರಲಿಲ್ಲ. ಬಂದಾಗ ಮುಖದಲ್ಲಿ ಏನೂ ಇರಲಿಲ್ಲ.

"ಆಗಂಗಿಲ್ಲಂತ," ಎಂದ. "ನಡೀರಿ, ಊಟ ಮಾಡಾಣು."

"ಯಾಕಂತ?" ಎಂದಳು ಅವ್ವ.

"ಆಗಂಗಿಲ್ಲ ಅಂದಮ್ಯಾಲ ಯಾಕ ಏನು? ಗುಳಿಗಿ ಐತಿ, ಮತ್ತ ಗಡ್ಡಿ ಎದ್ರ ಆ ನಳಿಗಿ ಔಷಧಿ ಐತಿ. ನಡಿ."

ಅವನ ಹಿಂದೆಯೇ ಆ ಮೇಡಂ ಬಾಗಿಲವರೆಗೆ ಬಂದರು. ನನ್ನನ್ನು ನೋಡಿ, "ನಿಮ್ಮ ಬಗ್ಗೆ ಏನಾದರೂ ತಿಳ್ಕೋಬೇಕಿದ್ದರೆ ನೀವೊಬ್ಬರೇ ಬನ್ನಿ, ಹೇಳ್ತೀನಿ" ಎಂದರು.

ಬಾಗಿಲು ತೆರೆದಿತ್ತು. ನಾಲ್ಕು ಹೆಜ್ಜೆ. ಅಜ್ಜಿಯ ಹರಕೆಯನ್ನೂ ಪ್ರಶ್ನಿಸದೆ ಬಿಡದವನು, ಡಾಕ್ಟರನ್ನು ಕಟಕಟೆಗೆ ನಿಲ್ಲಿಸಿದವನು, "ಇಲ್ಲ ಮೇಡಂ, ಇಷ್ಟು ಸಾಕು" ಎಂದೆ.

ಇನ್ನೊಂದು ಮಾತು ಬರೆಯಬೇಕು. ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ನನಗೆ ವಿಪರೀತ ಹಸಿವಾಯಿತು. ವಾರದಿಂದ ಗಂಟಲಲ್ಲಿ ಇಳಿಯದಿದ್ದ ಅನ್ನ ಸಲೀಸಾಗಿ ಇಳಿಯತೊಡಗಿತು. ಪೂರಿ ತಿಂದೆ, ಮತ್ತೆ ಅನ್ನ ತರಿಸಿದೆ, ಸಾರಿಗೆ ಉಪ್ಪಿನಕಾಯಿ ಕೇಳಿದೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಅಪ್ಪ ತನ್ನ ತಟ್ಟೆಯ ಪೂರಿಯನ್ನೂ ನನ್ನ ತಟ್ಟೆಗೆ ಸರಿಸಿ, "ತಿನ್ನಲೇ, ಹಸದೀದಿ" ಎಂದ. ನಾನು ತಿಂದೆ. ಅಪ್ಪನಿಗೆ ಸಾವು ಸ್ವಲ್ಪ ಹತ್ತಿರವಾದ ಮಧ್ಯಾಹ್ನ ಅದು, ಮತ್ತು ನಾನು ಇಷ್ಟು ರುಚಿಯಾಗಿ ಊಟ ಮಾಡಿದ್ದು ಬೇರೆ ಯಾವಾಗ ಎಂದು ನೆನಪಿಲ್ಲ.

ಊರಿಗೆ ಬಂದ ಮೇಲೆ ನಾನು ಯಾರಿಗೂ ಸುಳ್ಳು ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ಡ್ರೈವರ್ ಕಾಕಾ ಡಿಪೊದಲ್ಲಿ ಎಲ್ಲರಿಗೂ ಹೇಳಿಯಾಗಿತ್ತು: "ಹುಡುಗ ಗಟ್ಟಿ ನಿಂತಿದ್ದ, ಡಾಕ್ಟರೇ ಬ್ಯಾಡ ಅಂದ್ರು." ಫ್ಲೆಕ್ಸ್ ಇಳಿಸಲಿಲ್ಲ, ಗಾಳಿಗೆ ಹರಿದು ತಾನೇ ಹೋಯಿತು. ಗೌರವ ಹರಿಯಲಿಲ್ಲ. ಕೊಟ್ಟೂರಿನ ಕಿರಾಣಿ ಅಂಗಡಿಯವರು ನನ್ನನ್ನು ಸರದಿ ಬಿಡಿಸಿ ಮುಂದೆ ಕರೆದು ಸಾಮಾನು ಕಟ್ಟಿಕೊಡುತ್ತಾರೆ. ಹಡಗಲಿಯ ನಮ್ಮ ಶಾಲೆಯಲ್ಲಿ ಅಂಗದಾನದ ಬಗ್ಗೆ ಚರ್ಚಾಸ್ಪರ್ಧೆ ಇಟ್ಟಾಗ ತೀರ್ಪುಗಾರನಾಗಿ ನಾನೇ ಕೂತಿದ್ದೆ. ಒಬ್ಬಳು ಹುಡುಗಿ ನನ್ನ ಕಡೆ ಕೈ ಮಾಡಿ, "ಉದಾಹರಣೆ ದೂರದಲ್ಲಿಲ್ಲ, ಈ ವೇದಿಕೆಯ ಮೇಲೆಯೇ ಇದೆ" ಎಂದಳು. ಸಭೆ ಎದ್ದು ಚಪ್ಪಾಳೆ ತಟ್ಟಿತು. ಅವಳ ವಾದದಲ್ಲಿ ಅದೇ ಎಲ್ಲಕ್ಕಿಂತ ದುರ್ಬಲವಾದ ಅಂಶ. ಬೇರೆ ಯಾವ ವಿಷಯವಾಗಿದ್ದರೂ, ನಿನಗೆ ಹೇಗೆ ಗೊತ್ತು ಎಂದು ಕೇಳಿ ಅಂಕ ಕಳೆಯುತ್ತಿದ್ದೆ. ಮೊದಲ ಬಹುಮಾನ ಕೊಟ್ಟೆ. ಇಲ್ಲದಿದ್ದರೆ ಜನ ಏನಾದರೂ ಅಂದುಕೊಂಡಾರು ಎಂದು.

ಇನ್ನು ಅಪ್ಪ. ಅವನಿಗೆ ಡಿಪೊದಲ್ಲೇ ಕೂತು ಮಾಡುವ ಹಗುರ ಕೆಲಸ ಕೊಟ್ಟರು. ಗುಳಿಗೆ ತಪ್ಪಿಸುವುದಿಲ್ಲ. ಆ ಬೆಂಗಳೂರಿನ ದಿನದಿಂದ ಒಂದು ಹೊಸ ಚಾಳಿ ಹತ್ತಿಸಿಕೊಂಡ: ಫೋನನ್ನು ಕೈಯಿಂದ ಬಿಡುವುದಿಲ್ಲ. ಬಚ್ಚಲಿಗೂ ಒಯ್ಯುತ್ತಾನೆ, ದಿಂಬಿನ ಕೆಳಗೂ ಇಟ್ಟುಕೊಳ್ಳುತ್ತಾನೆ. "ಈ ವಯಸ್ಸಿನ್ಯಾಗ ಯಾರ ಫೋನಿಗೆ ಕಾಯ್ತಾರೋ ನಿಮ್ಮಪ್ಪ," ಎಂದು ಅವ್ವ ಚುಚ್ಚಿದರೆ, "ನಿಮ್ಮ ತವರುಮನಿಯಿಂದ ನೀರಾವರಿ ಹೊಲ ಕೊಡತೀವಿ ಅಂತ ಬರತೈತಿ, ಮಿಸ್ ಆಗಬಾರದು" ಎನ್ನುತ್ತಾನೆ. ನಾವೆಲ್ಲ ನಗುತ್ತಿದ್ದೆವು.

ಹೋದ ವಾರ ಅವನು ಚಿಗಟೇರಿಗೆ, ತೀರಿಕೊಂಡ ಒಬ್ಬರ ಮಣ್ಣಿಗೆ ಹೋಗಿದ್ದ. ಅಲ್ಲಿ ಅವನ ಫೋನು ಸಿಗ್ನಲ್ ಕಳೆದುಕೊಂಡಿರಬೇಕು. ಅವ್ವನ ಫೋನು ಬಡಿದುಕೊಂಡಿತು, ನಾನು ಎತ್ತಿದೆ. ಆ ಆಸ್ಪತ್ರೆಯಿಂದ. ದನಿ ಕೇಳಿದ ಕೂಡಲೇ ಗುರುತು ಸಿಕ್ಕಿತು, ಅದೇ ಮೇಡಂ. ನಾನು ಮಗ ಎಂದು ಹೇಳಿಕೊಂಡೆ.

"ನಿಮ್ಮ ತಂದೆಯವರ ಸ್ಕ್ಯಾನ್ ಹಳೇದಾಗಿದೆ. ಹೊಸದು ಮಾಡಿಸಿ ಕಳಿಸದಿದ್ದರೆ ಸರದಿಯಲ್ಲಿ ಹೆಸರು ಉಳಿಸೋಕಾಗಲ್ಲ."

"ಯಾವ ಸರದಿ ಮೇಡಂ?"

"ತೀರಿಕೊಂಡವರಿಂದ ಬರೋ ಲಿವರಿನ ಸರದಿ. ಅವರ ಹೆಸರಿದೆಯಲ್ಲ. ನಿಮಗೆ ಹೇಳಿಲ್ವಾ?"

"ಅವರನ್ನ ಕಮಿಟಿ ಬೇಡ ಅಂದಿತ್ತಲ್ಲ?"

"ಕಮಿಟಿ ಒಪ್ಪದೆ ಯಾರ ಹೆಸರೂ ಸರದಿಗೆ ಹೋಗಲ್ಲ," ಎಂದರು.

ನಾನು ಅಂಗಳಕ್ಕೆ ಬಂದೆ. ಬಿಸಿಲಿತ್ತು. ವರ್ಷದ ಹಿಂದೆ ನಾಲ್ಕು ಹೆಜ್ಜೆ ನಡೆದು ಕೇಳಬೇಕಿದ್ದುದನ್ನು ಈಗ ಕೇಳಿದೆ. "ಹಾಗಾದರೆ ನಾನು? ನನ್ನ ಲಿವರ್ ಹೊಂದಲಿಲ್ವಾ?"

ಅವರು ನನ್ನ ಹುಟ್ಟಿದ ತಾರೀಕು, ಊರು ಎಲ್ಲ ಕೇಳಿ ಖಾತ್ರಿ ಮಾಡಿಕೊಂಡರು. "ನಿಮ್ಮ ಬಗ್ಗೆ ನಿಮಗೆ ಹೇಳಬಹುದು. ನಿಮ್ಮ ಎಲ್ಲ ವರದಿ ಸರಿ ಇದ್ದವು. ನಿಮ್ಮನ್ನ ಯಾರೂ ಬೇಡ ಅಂದಿಲ್ಲ."

"ಮತ್ತೆ?"

"ಮಿಕ್ಕಿದ್ದು ನಾನು ಹೇಳೋ ಮಾತಲ್ಲ. ಅವರನ್ನೇ ಕೇಳಿ."

ಡಾಕ್ಟರು ಬೇಡ ಎನ್ನಲಿಲ್ಲ. ನಾನು ಬಾಯಿಬಿಟ್ಟು ಬೇಡ ಎನ್ನಲಿಲ್ಲ. ಇನ್ನು ಕಮಿಟಿಯ ಕೋಣೆಯಲ್ಲಿ ಇದ್ದವನು ಒಬ್ಬನೇ, ಅಪ್ಪ. ಇದಕ್ಕೆ ತರ್ಕಶಾಸ್ತ್ರ ಕಲಿಯಬೇಕಿಲ್ಲ. ಅವನನ್ನು ಅವರು ಆರಿಸಿದ್ದರು. ಗೆರೆಯೊಳಗೆ ತಂದು, ತಿಂಗಳುಗಟ್ಟಲೆ ಕಾಯಿಸಿ, ಪರೀಕ್ಷಿಸಿ, ಈತ ಬದುಕುತ್ತಾನೆ ಎಂದು ಒಪ್ಪಿದ್ದರು. ಪಕ್ಕದ ಬೆಂಚಿನಲ್ಲೇ ಲಿವರ್ ಕೂತಿತ್ತು. ಅದನ್ನು ಬಿಟ್ಟು, ಯಾರ ಸಾವಿನಿಂದಲೋ ಯಾವಾಗಲೋ ಬರುವ ಲಿವರಿಗಾಗಿ ಬಚ್ಚಲಲ್ಲೂ ಫೋನು ಹಿಡಿದು ಕೂತಿದ್ದಾನೆ. ಇಷ್ಟು ದಿನ ನಾಚಿಕೆ ಎಂದು ನಾನು ಅಂದುಕೊಂಡಿದ್ದು ಬರೀ ಮುಜುಗರ. ನಾಚಿಕೆ ಏನೆಂದು ಗೊತ್ತಾದದ್ದು ಈಗ.

ಸಂಜೆ ಅಪ್ಪ ಬಂದ. ಮಣ್ಣಿಗೆ ಹೋಗಿ ಬಂದವನು ಸ್ನಾನ ಮಾಡಿ, ಕಟ್ಟೆಯ ಮೇಲೆ ಕೂತು ಮರುದಿನದ ಖಾಕಿ ಅಂಗಿಗೆ ಬಿದ್ದುಹೋದ ಗುಂಡಿ ಹೊಲಿಯುತ್ತಿದ್ದ. ಅವ್ವ ಹಿಟ್ಟಿನ ಗಿರಣಿಗೆ ಹೋಗಿದ್ದಳು. ನಾನು ಪಕ್ಕದಲ್ಲಿ ಕೂತೆ.

"ಸ್ಕ್ಯಾನ್ ಮಾಡಸಬೇಕಂತ. ಫೋನ್ ಬಂದಿತ್ತು."

"ಹೂಂ. ಮಾಡಸಾಣು."

"ಸರದ್ಯಾಗ ನಿನ್ನ ಹೆಸರು ಐತಂತ."

ಸೂಜಿ ನಿಂತಿತು. ಮತ್ತೆ ನಡೆಯಿತು. "ನಿಮ್ಮವ್ವಗ ಹೇಳಬ್ಯಾಡ. ಆಸಿ ಹಚ್ಚಿಕೊಂಡು ಕುಂದರತಾಳ," ಎಂದ.

ಸ್ಕ್ಯಾನಿನಲ್ಲಿ ಏನು ಬರುತ್ತದೋ ಗೊತ್ತಿಲ್ಲ. ಗಡ್ಡೆ ಮತ್ತೆ ಗೆರೆ ದಾಟಿದ್ದರೆ ಈ ಮಾತೆಲ್ಲ ಮುಗಿಯಿತು. ದಾಟದಿದ್ದರೆ ಸರದಿಗೆ ಕಾಯದೆ ನನ್ನದನ್ನು ಈಗಲೂ ಕೊಡಬಹುದು. ಗಿರಣಿಯಿಂದ ಅವ್ವ ಬರುವುದರೊಳಗೆ ಅದನ್ನು ಹೇಳಬೇಕೆಂದು ಕೂತಿದ್ದೆ. ವಾದಗಳನ್ನು ಜೋಡಿಸಿಕೊಂಡಿದ್ದೆ ಕೂಡ: ನನಗೆ ವಯಸ್ಸಿದೆ, ಲಿವರ್ ಬೆಳೆಯುತ್ತದೆ, ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ಒಪ್ಪಿದ್ದಾರೆ. ಪಕ್ಕೆಲುಬಿನ ಕೆಳಗೆ ಅದೇ ತಣ್ಣನೆಯದು ಸರಿಯಿತು, ಇನ್ನೂ ಅಲ್ಲೇ ಇತ್ತು ಅದು. ಅದನ್ನು ಹೊತ್ತುಕೊಂಡು ತಗೋ ಎಂದರೆ, ಆ ಮುಖ ನೋಡಿ ಅವನು ಮತ್ತೊಮ್ಮೆ ಬೇಡ ಎನ್ನುವುದಿಲ್ಲವೇ? ಮೊದಲು ತಿಳಿಯಬೇಕಾದದ್ದು ಬೇರೆ ಇತ್ತು. ಅವನ ಕೈಯಿಂದ ಅಂಗಿ ಇಸಿದುಕೊಂಡೆ. ಅವನು ತಲೆ ಎತ್ತಲಿಲ್ಲ.

"ಅಪ್ಪಾ," ಎಂದೆ, "ಅವತ್ತು ಒಳಗ, ನಾ ಅಂಜೀನಿ ಅಂತ ಗೊತ್ತಾಗೇ ನೀ ಬ್ಯಾಡ ಅಂದಿಯೇನು?"